ಹಿರಿಯರ ಹಲ್ಲಿನ ಸೆಟ್ಟು

ಹಲ್ಲು ಕಟ್ಟುವ ಕೆಲಸ ಹೇಸುವವರಿಗೆ ಹೇಳಿ ಮಾಡಿಸಿದ್ದಲ್ಲ. ಆ ಕೆಲಸಕ್ಕೇ ಊರವರು ಹಲ್ಲಕ್ಕ ಅಂತ ಕರೆಯುತ್ತಿದ್ದ ಇವಳೋ, ಹುಟ್ಟಿದಾರಭ್ಯ ಎಲ್ಲಕ್ಕೂ ಹೇಸುವವಳು. ಬಸ್ಸಿನ ಕಂಬಿ ಹಿಡಿದರೆ ಇಳಿದ ಕೂಡಲೇ ಕೈ ತೊಳೆಯಬೇಕು. ಇನ್ನೊಬ್ಬರು ಬಾಯಿಟ್ಟ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ದೂರ ಇಡಬೇಕು. ಪಕ್ಕದಲ್ಲಿ ಯಾರಾದರೂ ಚಪ್ಪರಿಸಿಕೊಂಡು ತಿಂದರೆ ಅವಳು ತಟ್ಟೆ ಸಮೇತ ಎದ್ದು ಹೋಗುತ್ತಾಳೆ. ಇಂಥವಳ ಹಣೆಯಲ್ಲಿ ಬರೆದದ್ದು ಊರಿನ ಬೊಚ್ಚುಬಾಯಿಗಳಿಗೆಲ್ಲ ಕೈ ಹಾಕುವ ಕಸುಬು. ಬರೆದವನಿಗೆ ಹಾಸ್ಯಪ್ರಜ್ಞೆ ಇದೆ ಅಂತ ಅವಳ ಗಂಡ ಹೇಳುತ್ತಿದ್ದ. ಅವಳಿಗೇನೂ ನಗು ಬರುತ್ತಿರಲಿಲ್ಲ.

ಗಡಿಯಾರ ರಿಪೇರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಅವಳದೊಂದು ಉದ್ದನೆಯ ಕೋಣೆ. ಮುಂದೆ ಒರಗುವ ಕುರ್ಚಿ, ಪಕ್ಕಕ್ಕೆ ಬೇಸಿನ್ನು, ಹಿಂದೆ ಮೇಣ ಕರಗಿಸುವ ದೀಪ, ಉಜ್ಜುವ ಚಕ್ರ, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಬಿಳೀ ಜಿಪ್ಸಮ್ಮಿನ ದವಡೆಗಳು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಅನ್ನುತ್ತ ಬರುವ ಪ್ರತಿಯೊಬ್ಬ ಮುದುಕನೂ ಆ ಮಾತನ್ನು ತಾನೇ ಕಂಡುಹಿಡಿದವನಂತೆ ನಗುತ್ತಿದ್ದ. ನಕ್ಕಾಗ ಹಳಸಿದ ಗಾಳಿ ಅವಳ ಮುಖಕ್ಕೆ ಬಡಿಯುತ್ತಿತ್ತು. ಅವಳು ಉಸಿರು ಬಿಗಿಹಿಡಿದು, ಇದು ಬಾಯಲ್ಲ, ತೊಳೆಯದೆ ಬಿಟ್ಟ ಪಾತ್ರೆ ಅಂದುಕೊಂಡು ಕೈ ಹಾಕುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಕೈ ಕೆಸರಾಗುವುದು ಇವಳದು, ಮೊಸರು ತಿನ್ನುವ ಬಾಯಿ ಊರವರದು.

ಕೆಲಸದಲ್ಲಿ ಒಂದು ಹಂತವಿದೆ. ಹಲ್ಲುಗಳನ್ನು ಮೇಣದಲ್ಲಿ ಕೂರಿಸಿದ ಮೇಲೆ ಗಿರಾಕಿಯ ಬಾಯಿಗಿಟ್ಟು ಮಾತಾಡಿಸಿ ನೋಡಬೇಕು. ನಾಲಿಗೆ ಮೇಲ್ಹಲ್ಲಿನ ಬೆನ್ನಿಗೆ ಸರಿಯಾಗಿ ತಗಲದಿದ್ದರೆ ಮಾತು ಸೋರುತ್ತದೆ. ಅದಕ್ಕೆ ಈ ಕಸುಬಿನವರೆಲ್ಲ ‘ತಂದೆ ತಾಯಿ’ ಅಂತ ಹೇಳಿಸುವುದು ವಾಡಿಕೆ. ಹಲ್ಲಕ್ಕ ಮಾತ್ರ ‘ದಿನಾ ತಿಂದು ದಣಿದೆ’ ಅಂತ ಹೇಳಿಸುತ್ತಿದ್ದಳು. ಗಿರಾಕಿಗಳು ಅದನ್ನು ತಮಾಷೆ ಅಂದುಕೊಂಡರು. ಅವಳಿಗೆ ‘ತಂದೆ’ ಅನ್ನುವ ಪದ ಅಂಗಡಿಯಲ್ಲಿ ಬೇಕಿರಲಿಲ್ಲ. ಪ್ರಾರ್ಥನಾಮಂದಿರದಲ್ಲೂ ಬೇಕಿರಲಿಲ್ಲ.

ಅವರ ಕ್ರೈಸ್ತ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ರೂಢಿ ಇತ್ತು. ಭಾನುವಾರ ಎಲ್ಲರೂ ಕೂಡಿ ಹೇಳುವ ದೊಡ್ಡ ಪ್ರಾರ್ಥನೆಗೆ ಮೊದಲು ಸಭೆಯ ಹಿರಿಯರು ಎದ್ದುನಿಂತು ‘ತಂದೆಯೇ’ ಅಂತ ಒಂದೇ ಪದ ಕೂಗುತ್ತಾರೆ. ಆಮೇಲೆ ಸಭೆಯೆಲ್ಲ ಒಟ್ಟಿಗೆ ತೊಡಗುತ್ತದೆ. ಅವರು ಕೂಗುವ ತನಕ ಯಾರೂ ಉಸಿರೆತ್ತುವ ಹಾಗಿಲ್ಲ, ಕೂಗಿದ ಮೇಲೆ ಯಾರೂ ಸುಮ್ಮನಿರುವ ಹಾಗಿಲ್ಲ. ಜನಕ್ಕೆ ಇದು ಎಷ್ಟು ಮೈಗೂಡಿತ್ತೆಂದರೆ, ಒಮ್ಮೆ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುದುಕಿಯೊಬ್ಬಳು ನಿದ್ದೆಗಣ್ಣಲ್ಲಿ ‘ತಂದೆಯೇ’ ಅಂದುಬಿಟ್ಟಳು, ಸಭೆಯೆಲ್ಲ ನಡೆಯುತ್ತಿದ್ದ ಹಾಡನ್ನು ಅರ್ಧಕ್ಕೆ ಬಿಟ್ಟು ಪ್ರಾರ್ಥನೆಗೆ ಹಾರಿತ್ತು. ತೊಡಗಿದ್ದನ್ನು ನಿಲ್ಲಿಸುವುದು ಪಾಪವೆಂದು ಕೊನೆಯವರೆಗೂ ಹೇಳಿ ಮುಗಿಸಿ, ಆಮೇಲೆ ಹಾಡಿನ ಉಳಿದರ್ಧ ಹಾಡಿದರು.

ಆ ಪದ ಕೂಗುವ ಹಿರಿಯರು ಹಲ್ಲಕ್ಕನ ಅಪ್ಪ. ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದವರು. ನೇರ ಬೆನ್ನು, ಬಿಳೀ ಅಂಗಿ, ಬಿಳೀ ಬೂಟು. ಕಂಠವಂತೂ ಕಂಚಿನದು. ‘ಹಿರಿಯರು ತಂದೆಯೇ ಅಂದರೆ ದೇವರು ತಿರುಗಿ ನೋಡ್ತಾರೆ’ ಅಂತ ಸಭೆಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ. ಹಲ್ಲಕ್ಕ ಮಾತ್ರ ತುಟಿ ಬಿಗಿದು ಕೂತು, ಆ ಪದ ದಾಟಿಹೋದ ಮೇಲೆ ಪ್ರಾರ್ಥನೆಗೆ ಸೇರಿಕೊಳ್ಳುತ್ತಿದ್ದಳು. ದೇವರ ಹತ್ತಿರ ಅವಳಿಗೆ ಜಗಳವಿರಲಿಲ್ಲ. ಆ ಹೆಸರು ಬಾಯಿಗೆ ಬಂದರೆ ಹಳದಿ ಸೋಪಿನ ರುಚಿ ಬರುತ್ತಿತ್ತು, ಅಷ್ಟೇ.

ಬಟ್ಟೆ ಒಗೆಯುವ ಹಳದಿ ಸೋಪು. ಅವಳು ಚಿಕ್ಕವಳಿದ್ದಾಗ ಸುಳ್ಳು ಹೇಳಿದರೆ, ಎದುರು ಮಾತಾಡಿದರೆ, ಊಟ ಸಾಕು ಅಂದರೆ, ಅಪ್ಪ ಬಚ್ಚಲಿಗೆ ಕರೆದೊಯ್ದು ಆ ಸೋಪನ್ನು ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಅಂಗುಳಕ್ಕೆ ಉಜ್ಜುತ್ತಿದ್ದರು. ಕೂಗಾಡುತ್ತಿರಲಿಲ್ಲ. ಮೆಲುದನಿಯಲ್ಲಿ, ಬೈಬಲ್ ಓದುವವರ ಹಾಗೆ, “ಉಗುಳಬೇಡ. ಬಾಯಿ ಶುದ್ಧವಾಗೋ ತನಕ ಉಗುಳಬಾರದು” ಅನ್ನುತ್ತಿದ್ದರು. ಅಮ್ಮ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿರುತ್ತಿದ್ದಳು. ಎಲ್ಲ ಮುಗಿದ ಮೇಲೆ ಅಪ್ಪನ ಕೈ ಒರೆಸಲಿಕ್ಕೆ.

ಈ ಅಪ್ಪ ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದರು. ಕೈಯಲ್ಲಿ ಮಡಿಸಿದ ಕರವಸ್ತ್ರ. ಕೆನ್ನೆ ಒಳಗೆ ಹೋಗಿ, ಗದ್ದ ಮೂಗಿನ ಕಡೆ ಏರಿ, ಕಂಚಿನ ಕಂಠದವರು ಕಳಚಿ ಎಸೆದ ಕಾಲುಚೀಲದ ಹಾಗೆ ಕಾಣುತ್ತಿದ್ದರು.

“ತೊಳೀತಾ ಇದ್ದೆ. ಜಾರಿ ಬಿತ್ತು,” ಅಂದರು. ಮಾತು ಎಲ್ಲ ಕಡೆಯಿಂದಲೂ ಸೋರಿತು.

ಹಲ್ಲಕ್ಕ ಚಿಮಟದಲ್ಲಿ ಕರವಸ್ತ್ರ ಬಿಡಿಸಿದಳು. ಮೇಲಿನ ಸೆಟ್ಟು ನಟ್ಟನಡುವೆ ಎರಡು ಹೋಳಾಗಿತ್ತು. ಅಂಟಿಸಿದರೆ ನಿಲ್ಲುವುದಿಲ್ಲ, ಹೊಸದೇ ಆಗಬೇಕು, ನಾಳೆ ಅಚ್ಚು ತೆಗೆಯುತ್ತೇನೆ ಅಂದಳು.

“ಭಾನುವಾರದೊಳಗೆ ಕೊಡಬೇಕು. ಮಕ್ಕಳ ಭಾನುವಾರ, ಗೊತ್ತಲ್ಲ? ನಮ್ಮ ಗುಬ್ಬೀನೂ ಇದ್ದಾಳೆ.”

ಗೊತ್ತಿಲ್ಲದೆ ಏನು. ವರ್ಷಕ್ಕೊಮ್ಮೆ, ಏಳು ತುಂಬಿದ ಮಕ್ಕಳು ಸಾಲಾಗಿ ಮುಂದೆ ಹೋಗುತ್ತಾರೆ. ಹಿರಿಯರು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ‘ತಂದೆಯೇ’ ಅಂತ ಹೇಳಿಕೊಡುತ್ತಾರೆ, ಮಗು ಅದನ್ನು ಮೊದಲ ಸಲ ಸಭೆಯ ಮುಂದೆ ಗಟ್ಟಿಯಾಗಿ ಹೇಳುತ್ತದೆ. ಅಲ್ಲಿಂದಾಚೆ ಆ ಪದ ಆ ಮಗುವಿನದು. ಹಲ್ಲಕ್ಕನೂ ಒಂದು ಕಾಲಕ್ಕೆ ಹೋಗಿ ನಿಂತಿದ್ದಳು. ಹೇಳಿದ್ದು ನೆನಪಿಲ್ಲ, ಆಮೇಲೆ ಹೊರಗೆ ಹೋಗಿ ಗೋಡೆಯ ಪಕ್ಕ ಉಗುಳಿದ್ದು ನೆನಪಿದೆ.

ಮನೆಗೆ ಬಂದರೆ ಮಗಳು ಗುಬ್ಬಿ ಊಟದ ತಟ್ಟೆಯ ಮುಂದೆ ಬಾಯಿ ಬಿಗಿದುಕೊಂಡು ಕೂತಿದ್ದಳು. ಶಾಲೆ ಬಿಟ್ಟ ಮೇಲೆ ಅವಳು ತಾತನ ಮನೆಯಲ್ಲಿರುತ್ತಿದ್ದಳು, ಗಂಡ ಕೆಲಸ ಮುಗಿಸಿ ಬರುವಾಗ ಕರೆತರುತ್ತಿದ್ದ. ಗಂಡನದು ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ. ಜನ ಬಸ್ಸಿನಲ್ಲಿ ಏನೇನು ಬಿಟ್ಟುಹೋಗುತ್ತಾರೆ ಅನ್ನುವುದನ್ನು ಅವನು ಊಟದ ಹೊತ್ತಿಗೇ ವರ್ಣಿಸಲು ಹೊರಟು ಬೈಸಿಕೊಳ್ಳುವುದು ಆ ಮನೆಯ ದಿನಚರಿ.

“ತಿಂತಾನೇ ಇಲ್ಲ,” ಅಂದ ಅವನು. “ಬಾಯಿ ಕಹಿಯಂತೆ. ಜ್ವರ ಬರುತ್ತೇನೋ.”

ಹಲ್ಲಕ್ಕ ಹಣೆ ಮುಟ್ಟಿ ನೋಡಲು ಬಗ್ಗಿದಳು. ಮಗಳ ಉಸಿರು ಮೂಗಿಗೆ ತಗುಲಿತು. ದಿನವಿಡೀ ಬಾಯಿಗಳ ವಾಸನೆ ನೋಡುವ ಮೂಗು ಅದು, ಆದರೆ ಇದನ್ನು ಗುರುತಿಸಲು ಕಸುಬು ಬೇಕಿರಲಿಲ್ಲ. ಹಳದಿ ಸೋಪು.

“ಏನು ಹೇಳಿದೆ ತಾತನಿಗೆ?” ಅಂದಳು. ಏನು ಮಾಡಿದರು ಅಂತ ಕೇಳಲೇ ಇಲ್ಲ.

“ನಾನು ಸುಳ್ಳು ಹೇಳಿಲ್ಲಮ್ಮ.” ಗುಬ್ಬಿಯ ಗಲ್ಲ ನಡುಗಿತು. “ದೇವರನ್ನ ಯಾಕೆ ತಂದೆ ಅಂತೀವಿ ಅಂತ ತಾತ ಕೇಳಿದ್ರು. ಭಾನುವಾರಕ್ಕೆ ಕಲೀಬೇಕಲ್ಲ. ಸೃಷ್ಟಿ ಮಾಡಿದ್ದಕ್ಕೆ, ಶಿಕ್ಷೆ ಕೊಡೋದಕ್ಕೆ ಅಂತ ಹೇಳ್ಬೇಕಿತ್ತು. ನಂಗೆ ಮರೆತುಹೋಯ್ತು. ಅದಕ್ಕೆ, ದೇವರು ನಮ್ಮಪ್ಪನ ಥರ, ವಾಂತಿ ಮಾಡ್ಕೊಂಡ್ರೂ ಥೂ ಅನ್ನಲ್ಲ, ಎತ್ಕೊಳ್ತಾರೆ ಅಂದೆ.”

ಗಂಡ ಹಲ್ಲಕ್ಕನ ಮುಖ ನೋಡಿದ. ಹಿಂದಿನ ತಿಂಗಳು ಮೂವರೂ ಬಸ್ಸಿನಲ್ಲಿ ಹೋಗುವಾಗ ಗುಬ್ಬಿಗೆ ಹೊಟ್ಟೆ ತೊಳಸಿತ್ತು. ಮಗಳ ಮುಖ ಬಿಳುಚಿದ್ದೇ ತಡ ಹಲ್ಲಕ್ಕ ಸೆರಗಿನಿಂದ ಮೂಗು ಮುಚ್ಚಿ ಸೀಟಿನಿಂದ ಜಿಗಿದು ಆಚೆ ನಿಂತಿದ್ದಳು. ಗಂಡ ಎರಡು ಕೈ ಬೊಗಸೆಯೊಡ್ಡಿ ಎಲ್ಲವನ್ನೂ ಹಿಡಿದು, ಕಿಟಕಿಯಿಂದ ಹೊರಗೆ ಚೆಲ್ಲಿ, ಅದೇ ಅಂಗಿಗೆ ಮಗಳನ್ನು ಒರಗಿಸಿಕೊಂಡಿದ್ದ. “ಕೈ ತೊಳೆದ್ರೆ ಹೋಗುತ್ತೆ ಬಿಡು,” ಅಂದಿದ್ದ. ಹಲ್ಲಕ್ಕ ಆವತ್ತು ರಾತ್ರಿ ಆ ಅಂಗಿಯನ್ನು ಕೋಲಿನಲ್ಲಿ ಎತ್ತಿ ನೆನೆಹಾಕಿದ್ದಳು.

“ತಾತ ಏನಂದ್ರು?” ಅಂದ ಗಂಡ.

“ಪರಿಶುದ್ಧ ದೇವರ ಹೆಸರಿನ ಜೊತೆ ಹೊಲಸು ಸೇರಿಸಿದ್ದೀಯ, ಬಾಯಿ ತೊಳೀಬೇಕು ಅಂದ್ರು. ಸೋಪು ಉಜ್ಜುವಾಗ ನಾನು ತಲೆ ಜೋರಾಗಿ ಎತ್ತಿದೆ, ತಾತನ ಗದ್ದಕ್ಕೆ ಬಡೀತು. ಹಲ್ಲು ಬೇಸಿನ್ನೊಳಗೆ ಬಿತ್ತು. ಎರಡು ಚೂರು!” ಅಳುವ ಮುಖದಲ್ಲೇ ಒಂದು ನಗು ಇಣುಕಿತು. “ನಂಗೆ ನಗು ಬಂದ್ಬಿಡ್ತು ಅಮ್ಮ. ನಕ್ಕಿದ್ದಕ್ಕೆ ಇನ್ನೊಂದ್ಸಲ ಉಜ್ಜಿದ್ರು.”

ಗಂಡ ಚೊಂಬಿನಲ್ಲಿ ನೀರು ತಂದು ಮಗಳ ಬಾಯಿಗೆ ಹಿಡಿದು, “ಮುಕ್ಕಳಿಸು. ಉಗುಳು. ಎಷ್ಟು ಬೇಕಾದ್ರೂ ಉಗುಳು. ನನ್ನ ಮೇಲೆ ಉಗುಳಿದ್ರೂ ಸರಿ,” ಅಂದ. ಗುಬ್ಬಿ ನಿಜಕ್ಕೂ ಅವನ ಮೇಲೇ ಉಗುಳಿ ಕಿಲಕಿಲ ನಕ್ಕಳು. ಮಗಳು ಮಲಗಿದ ಮೇಲೆ ಹೆಂಡತಿಯನ್ನು ಕೇಳಿದ.

“ನಿಂಗೆ ಗೊತ್ತಿತ್ತಾ, ಅವರು ಹೀಗೆ ಮಾಡ್ತಾರೆ ಅಂತ?”

“ವಯಸ್ಸಾಯ್ತಲ್ಲ, ಮೊಮ್ಮಗಳಿಗೆ ಮಾಡಲ್ಲ ಅನ್ಕೊಂಡಿದ್ದೆ ಕಣ್ರೀ.”

ಅವನು ಮತ್ತೇನೂ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು. ನಾಯಿಬಾಲ ಡೊಂಕು ಅಂತ ಗೊತ್ತಿದ್ದೂ ಮಗಳನ್ನು ಆ ಬಚ್ಚಲಿನ ಪಕ್ಕಕ್ಕೆ ದಿನಾ ಕಳಿಸಿದವಳು ತಾನು. ಅನುಕೂಲವಾಗಿತ್ತು, ಕಳಿಸಿದಳು. ಅಪ್ಪನ ಮೇಲೆ ಬಂದ ಹೇಸಿಗೆ ತಿರುಗಿ ತನ್ನ ಮೇಲೇ ಬಂತು, ಆ ದಿನ ಅವಳು ಹಲ್ಲುಜ್ಜಿದ್ದೇ ಉಜ್ಜಿದ್ದು.

ಮರುದಿನ ಅಪ್ಪ ಅಚ್ಚಿಗೆ ಬಂದರು. ಜೊತೆಗೆ ಅಮ್ಮ, ಅಮ್ಮನ ಕೈಯಲ್ಲಿ ಟವೆಲ್ಲು. ಹಲ್ಲಕ್ಕ ಅದರಿಂದ ಮುಖ ತಿರುಗಿಸಿ ಹಿಟ್ಟಿನ ಡಬ್ಬಿ ತೆಗೆದಳು.

ಅಚ್ಚು ತೆಗೆಯುವುದೆಂದರೆ, ಗುಲಾಬಿ ಹಿಟ್ಟನ್ನು ನೀರಲ್ಲಿ ಲದ್ದಿಯ ಹಾಗೆ ಕಲಸಿ, ಕುದುರೆಲಾಳದ ಆಕಾರದ ತಟ್ಟೆಗೆ ತುಂಬಿ, ಬಾಯೊಳಗೆ ಮೇಲಕ್ಕೆ ಒತ್ತಿ ಹಿಡಿಯಬೇಕು. ಗಟ್ಟಿಯಾಗುವ ತನಕ ಗಿರಾಕಿ ಮಾತಾಡುವಂತಿಲ್ಲ, ನುಂಗುವಂತಿಲ್ಲ, ಅಲುಗುವಂತಿಲ್ಲ. ಅವಳು ಅಪ್ಪನ ಬಾಯಿ ತೆರೆಸಿದಳು. ಬಿಳಿಚಿದ ವಸಡು, ದಪ್ಪ ನಾಲಿಗೆ, ಅದರ ಮೇಲೊಂದು ಹಳದಿ ಪೊರೆ. ಎಷ್ಟು ಬಾಯಿ ನೋಡಿಲ್ಲ ಅವಳು! ಇದನ್ನು ಮಾತ್ರ ಪಾತ್ರೆ ಅಂದುಕೊಳ್ಳಲು ಆಗಲಿಲ್ಲ. ತಟ್ಟೆ ಒತ್ತಿದಳು. ಹಿಟ್ಟು ಗಂಟಲಿನ ಕಡೆ ಜಾರಿದ್ದಕ್ಕೆ ಅವರಿಗೆ ವಾಕರಿಕೆ ಬಂದು ಕಣ್ಣು ಮೇಲೆ ಮಾಡಿದರು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು.

“ಉಗುಳಬೇಡಿ,” ಅಂದಳು ಹಲ್ಲಕ್ಕ. “ಆಗೋ ತನಕ ಉಗುಳಬಾರದು.”

ಎಲ್ಲರಿಗೂ ಹೇಳುವ ಮಾತೇ ಅದು. ಆದರೆ ಅವಳ ಬಾಯಿಂದ ಬಂದದ್ದು ಮೆಲುದನಿ, ಬೈಬಲ್ ಓದುವವರ ದನಿ. ಅಪ್ಪ ಅವಳನ್ನು ನೋಡಿದರು. ಗುರುತು ಹತ್ತಿತು. ಅವರ ಜೊಲ್ಲು ಗದ್ದದಿಂದ ಇಳಿದು ಬಿಳೀ ಅಂಗಿಯ ಮೇಲೆ ತೊಟ್ಟಿಕ್ಕಿತು. ಹಲ್ಲಕ್ಕ ಒರೆಸಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಅಪ್ಪನ ಬಾಯಿ ಮುಚ್ಚಿತ್ತು, ತನ್ನದು ತೆರೆದಿತ್ತು.

“ಗುಬ್ಬಿ ಎಲ್ಲ ಹೇಳಿದ್ಲು. ಇನ್ನು ನಿಮ್ಮ ಮನೆಗೆ ಬರಲ್ಲ ಅವಳು. ಭಾನುವಾರ ನಿಮ್ಮ ಕೈ ಅವಳ ತಲೆ ಮೇಲೆ ಬೀಳಕೂಡದು. ನನ್ನ ಬಾಯಿಂದ ಆ ಹೆಸರು ಕಿತ್ಕೊಂಡಿದ್ದು ಸಾಲ್ದಾ ನಿಮಗೆ? ಅವಳದ್ದೂ ಬೇಕಾ?”

“ಬೇಡ ಕಣೇ, ಈಗ ಬೇಡ,” ಅಂದಳು ಅಮ್ಮ, ಟವೆಲ್ಲು ಮಡಿಸುತ್ತ.

ಅಪ್ಪ ಗೊರಗೊರ ಸದ್ದು ಮಾಡಿದರು. ಹಿಟ್ಟು ಗಟ್ಟಿಯಾಗಿ ಆಗಲೇ ಹೊತ್ತಾಗಿತ್ತು. ಹಲ್ಲಕ್ಕ ಇನ್ನೂ ಒತ್ತಿ ಹಿಡಿದೇ ಇದ್ದಳು. ತನ್ನ ಹೆಬ್ಬೆರಳು ಅವರ ಕೆನ್ನೆಯಲ್ಲಿ ಕುಳಿ ಮಾಡುತ್ತಿದ್ದುದನ್ನು ಅವಳೇ ನೋಡಿದಳು. ಹಿತವಾಗುತ್ತಿತ್ತು. ಆ ಹಿತಕ್ಕೇ ಅವಳಿಗೆ ಓಕರಿಕೆ ಬಂತು. ಥೂ, ಇದು ಅವರದೇ ಕೈ, ನನ್ನ ತೋಳಿಗೆ ಬಂದು ಕೂತಿದೆ ಅನ್ನಿಸಿ ತಟ್ಟೆಯನ್ನು ಕಿತ್ತು ತೆಗೆದಳು.

ಅಪ್ಪ ಬಾಯಿ ಮುಕ್ಕಳಿಸಿದರು. ಅಮ್ಮ ಗದ್ದ ಒರೆಸಿದಳು. ಅವರಿಗೆ ಕೋಪವೇನೂ ಬಂದಿರಲಿಲ್ಲ, ಅದೇ ದೊಡ್ಡ ಅಸಹ್ಯ.

“ನಮ್ಮಪ್ಪ ಬೆಲ್ಟಲ್ಲಿ ಹೊಡೀತಿದ್ರು. ನಾನು ನಿನ್ನ ಮೇಲೆ ಒಂದಿನ ಕೈ ಎತ್ತಿದ್ದೀನಾ?” ಅಂದರು, ಮಾತು ಸೋರಿಸುತ್ತ. “ಪ್ರೀತಿ ಇದ್ದಿದ್ದಕ್ಕೇ ತಿದ್ದಿದೆ. ತಿದ್ದದೇ ಇರೋನು ತಂದೆ ಹೇಗಾಗ್ತಾನೆ? ನೀನು ಇವತ್ತು ಮರ್ಯಾದಸ್ಥಳಾಗಿರೋದು ಆ ಸೋಪಿನಿಂದ. ನಾನು ದೇವರ ಮಾದರಿಯಲ್ಲೇ ನಿಮ್ಮನ್ನ ಸಾಕಿದ್ದು. ಭಾನುವಾರ ಮಗು ಬರ್ಲಿ. ಸಭೆ ಮುಂದೆ ನನ್ನ ಮಾನ ಕಳೀಬೇಡ.”

ದೇವರ ಮಾದರಿಯಂತೆ! ಬೇಲಿಯೇ ಎದ್ದು ಹೊಲ ಮೇಯ್ದು, ಆಮೇಲೆ ಹೊಲದ ಮೇಲಿನ ಪ್ರೀತಿಯಿಂದ ಮೇಯ್ದೆ ಅಂದ ಹಾಗಾಯಿತು. ಅವರು ಹೋದ ಮೇಲೆ ಹಲ್ಲಕ್ಕ ಕುರ್ಚಿಯನ್ನು ಡೆಟಾಲಿನಲ್ಲಿ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಆ ಮಧ್ಯಾಹ್ನವೇ ಪಾದ್ರಿಗಳ ಹತ್ತಿರ ಹೋದಳು. ಪಾದ್ರಿಗಳು ಹರೆಯದವರು, ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸದೆ ಸ್ವರ್ಗಕ್ಕೆ ಹೋಗುವ ಆಸೆಯವರು. ಎಲ್ಲ ಕೇಳಿ ತಲೆ ತಗ್ಗಿಸಿದರು.

“ಅಕ್ಕ, ಕ್ಷಮಿಸಿಬಿಡಿ. ಭೂಮಿ ಮೇಲಿನ ತಂದೇನ ಪ್ರೀತಿಸದೆ ಪರಲೋಕದ ತಂದೆಯ ಪ್ರೀತಿ ಹೇಗೆ ಅರ್ಥ ಆಗುತ್ತೆ?”

“ಇವರನ್ನ ನೋಡಿ ಅವರನ್ನ ಅರ್ಥ ಮಾಡ್ಕೊಂಡಿದ್ರೆ ನಾನು ಯಾವತ್ತೋ ದೇವರನ್ನೇ ಬಿಟ್ಟಿರ್ತಿದ್ದೆ ಪಾದ್ರಿಗಳೇ. ಕ್ಷಮೆ ಆಮೇಲೆ ಮಾತಾಡೋಣ. ಮಗು ತಲೆ ಮೇಲೆ ಕೈ ಯಾರಿಡ್ತಾರೆ, ಅದು ಹೇಳಿ.”

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, ಗುಬ್ಬಿಯ ಸರದಿ ಬಂದಾಗ ತಾವೇ ಮುಂದೆ ಬಂದು ಕೈಯಿಡುವುದಾಗಿ ಮಾತು ಕೊಟ್ಟರು. ಮಾತು ಕೊಡುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಹಲ್ಲಕ್ಕ ಅದನ್ನು ಗಮನಿಸಿಯೂ ನಂಬಿದಳು. ಗುಬ್ಬಿಗಂತೂ ಹೋಗಲೇಬೇಕಿತ್ತು. “ಎಲ್ಲಾರೂ ಹೇಳ್ತಾರೆ, ನಾನೂ ಹೇಳ್ತೀನಿ. ನಂಗೆ ಚೆನ್ನಾಗಿ ಬರುತ್ತೆ,” ಅಂತ ಮನೆ ತುಂಬ ‘ತಂದೆಯೇ, ತಂದೆಯೇ’ ಅಂತ ಕೂಗಿಕೊಂಡು ತಿರುಗುತ್ತಿದ್ದಳು. ಸೋಪು ಅವಳೊಳಗೆ ಇನ್ನೂ ಇಳಿದಿರಲಿಲ್ಲ. ಇಳಿಯದ ಹಾಗೆ ನೋಡಿಕೊಳ್ಳಬೇಕಿತ್ತು, ಅಷ್ಟೇ ಹಲ್ಲಕ್ಕನಿಗೆ ಬೇಕಾಗಿದ್ದದ್ದು.

ಸೆಟ್ಟಿನ ಕೆಲಸಕ್ಕೆ ಕೂತಳು. ಒಂದು ಕೆಟ್ಟ ಆಸೆ ಪಕ್ಕದಲ್ಲೇ ಬಂದು ಕೂತಿತು. ಮುಂದಿನೆರಡು ಹಲ್ಲು ಒಂದಿಷ್ಟೇ ಹೊರಗೆ ಬಂದರೆ ಸಾಕು. ‘ತಂದೆಯೇ’ ಅಂದಾಗ ಸಿಳ್ಳೆ ಹೊಡೆಯುತ್ತದೆ, ಸಭೆಯೆಲ್ಲ ಮುಸಿಮುಸಿ ನಗುತ್ತದೆ. ಮೇಣ ಬಿಸಿಯಾಗಿತ್ತು, ಬೆರಳೂ ಹಲ್ಲಿನ ಮೇಲಿತ್ತು. ಆದರೆ ಕೆಟ್ಟ ಕೆಲಸ ಮಾಡಲು ಅವಳ ಕೈಗೆ ಬರುತ್ತಿರಲಿಲ್ಲ. ಸುಳ್ಳು ಹಲ್ಲಾದರೂ ನಿಜವಾದ ಹಲ್ಲಿನ ಹಾಗೆ ಇರಬೇಕು, ಅದಕ್ಕೆ ನಿಜವಾದ ಹಲ್ಲು ಹೇಗಿರುತ್ತದೆ ಅಂತ ಗೊತ್ತಿರಬೇಕು, ಅದೇ ಕಸುಬು. ಆಗ ಅವಳ ಕೈ ನಿಂತಿತು. ಅಲ್ಲ, ಬಾಯಿ ತುಂಬ ನೊರೆ ತುಂಬಿಕೊಂಡು ನಿಂತ ಆ ಪುಟ್ಟ ವಯಸ್ಸಿನಲ್ಲಿ, ಅಪ್ಪ ಅಂದರೆ ಇದಲ್ಲ ಅಂತ ನನಗೆ ಯಾರು ಹೇಳಿದ್ದರು? ನಾನು ಕಂಡಿದ್ದ ಅಪ್ಪ ಇವರೊಬ್ಬರೇ. ಇದು ನಕಲಿ ಅನ್ನಬೇಕಾದರೆ ಅಸಲಿಯನ್ನು ಎಲ್ಲೋ ನೋಡಿರಬೇಕಲ್ಲ. ಎಲ್ಲಿ ನೋಡಿದೆ? ಯಾರು ತೋರಿಸಿದರು?

ಉತ್ತರ ತಿಳಿದ ಹಾಗೂ ಆಯಿತು, ತಿಳಿಯದ ಹಾಗೂ ಆಯಿತು. ಮೇಣ ತಣ್ಣಗಾಗಿತ್ತು. ಮತ್ತೆ ದೀಪ ಹಚ್ಚಿದಳು.

ಮೇಣದ ಸೆಟ್ಟು ಬಾಯಿಗಿಟ್ಟು ನೋಡಲು ಬಂದ ದಿನ ಅವಳು ‘ದಿನಾ ತಿಂದು’ ಅಂತ ಹೇಳಿಸುವ ಮೊದಲೇ ಅಪ್ಪ ಎದೆ ಉಬ್ಬಿಸಿ “ತಂದೆಯೇ!” ಅಂತ ಕೂಗಿದರು. ಗೋಡೆಯ ದವಡೆಗಳು ಅದುರಿದವು. ಪಕ್ಕದ ಗಡಿಯಾರದವನು ಇಣುಕಿ ನೋಡಿ ಕೈ ಮುಗಿದ. ಒಂದು ಸಿಳ್ಳೆಯಿಲ್ಲ, ಒಂದು ಸೋರಿಕೆಯಿಲ್ಲ, ಗಂಟೆ ಹೊಡೆದ ಹಾಗಿತ್ತು. ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಹಲ್ಲಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು.

ಭಾನುವಾರ ಮಂದಿರ ತುಂಬಿತ್ತು. ಬೆಂಚಿಗೆ ಹೊಸ ವಾರ್ನಿಷ್ ಹಚ್ಚಿದ್ದರು, ಕೂತವರ ಬಟ್ಟೆಗೆ ಅಂಟುತ್ತಿತ್ತು. ಗುಬ್ಬಿ ಬಿಳೀ ಫ್ರಾಕು ಹಾಕಿ ಮಕ್ಕಳ ಸಾಲಿನ ಕೊನೆಯಲ್ಲಿದ್ದಳು, ಆಗಾಗ ತಿರುಗಿ ತನ್ನಪ್ಪನಿಗೆ ಕೈ ಬೀಸುತ್ತಿದ್ದಳು. ಒಂದೊಂದೇ ಮಗು ಮುಂದೆ ಹೋಯಿತು. ಹಿರಿಯರ ಕೈ ತಲೆಯ ಮೇಲೆ ಬಿತ್ತು. ಅವರು ಹೇಳಿಕೊಟ್ಟರು, ಮಗು ಹೇಳಿತು, ತಾಯಂದಿರು ಮೂಗೊರೆಸಿಕೊಂಡರು. ಮಕ್ಕಳ ಸರದಿ ಮುಗಿಯುವ ತನಕ ಮಾತ್ರ ಸಭೆ ಬಾಯಿ ಬಿಗಿಹಿಡಿದಿರುತ್ತದೆ, ಕೊನೆಯ ಮಗು ಹೇಳಿದ ಕೂಡಲೇ ಹಿರಿಯರು ಸಭೆಯ ಕಡೆ ತಿರುಗಿ ಕೂಗಬೇಕು, ಎಲ್ಲರೂ ಪ್ರಾರ್ಥನೆ ತೊಡಗಬೇಕು. ಅದಕ್ಕೆ ಜನ ಆಗಲೇ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು.

ಗುಬ್ಬಿಯ ಸರದಿ ಬಂತು. ಹಲ್ಲಕ್ಕ ಪಾದ್ರಿಗಳನ್ನು ನೋಡಿದಳು. ಪಾದ್ರಿಗಳು ಒಂದು ಹೆಜ್ಜೆ ಮುಂದಿಟ್ಟರು. ಹಿರಿಯರು ಕತ್ತು ತಿರುಗಿಸಿ ಅವರನ್ನೊಮ್ಮೆ ನೋಡಿದರು, ಅಷ್ಟೇ. ಪಾದ್ರಿಗಳ ಹೆಜ್ಜೆ ಹಿಂದೆ ಹೋಯಿತು, ಅವರು ಕೈಯಲ್ಲಿದ್ದ ಪುಸ್ತಕದ ಪುಟ ಹುಡುಕತೊಡಗಿದರು.

ಛೀ, ಅಂದುಕೊಂಡಳು ಹಲ್ಲಕ್ಕ. ಬೆಂಚಿನ ವಾರ್ನಿಷ್‌ಗೆ ಅಂಟಿದ್ದ ಸೀರೆ ಬಿಡಿಸಿಕೊಳ್ಳುತ್ತ ಎದ್ದಳು. ಅಷ್ಟರಲ್ಲಿ ತೊಳೆದು ತೊಳೆದು ಬಿಳುಪಾದ ಆ ಕೈ ಮಗಳ ತಲೆಯ ಮೇಲೆ ಇಳಿದು, ಹಣೆಯವರೆಗೆ ಬಂದಿತ್ತು. ಅವರು ಕೈ ತೊಳೆಯುವುದೂ ಅದೇ ಸೋಪಿನಲ್ಲೇ. ಬೆರಳುಗಳು ಮೂಗಿನ ಹತ್ತಿರವೇ ಇದ್ದವು. ವಾರವಿಡೀ ಆ ಪದ ಕೂಗಿಕೊಂಡು ತಿರುಗಿದ ಗುಬ್ಬಿಯ ತುಟಿ ಬಿಗಿದುಕೊಂಡಿತು.

“ತಂದೆಯೇ. ಹೇಳು ಮಗು,” ಅಂದರು ಹಿರಿಯರು, ಮೆಲುದನಿಯಲ್ಲಿ.

ಗುಬ್ಬಿ ಹೇಳಲಿಲ್ಲ. ಆ ಬಿಗಿದ ತುಟಿ ಹಲ್ಲಕ್ಕನಿಗೆ ಗೊತ್ತಿತ್ತು, ಕನ್ನಡಿಯಲ್ಲಿ ನೋಡಿದ್ದಳು. ಮಗಳ ಮುಖ ಬಿಳುಚಿದ್ದೂ ಕಂಡಿತು, ಬಸ್ಸಿನಲ್ಲಿ ಕಂಡ ಹಾಗೆ.

“ಹೇಳು,” ಅಂದರು ಹಿರಿಯರು, ಬೆರಳು ಒತ್ತಿ.

ಗುಬ್ಬಿ ವಾಂತಿ ಮಾಡಿಕೊಂಡಳು. ಮೊದಲ ಅಲೆ ನೇರ ಹಿರಿಯರ ಬಿಳೀ ಬೂಟಿನ ಮೇಲೆ ಬಿತ್ತು.

“ಛೀ!” ಅಂದರು ಹಿರಿಯರು.

ಸೆಟ್ಟು ಅಷ್ಟು ಚೆನ್ನಾಗಿ ಕೂತಿತ್ತು ನೋಡಿ, ಆ ‘ಛೀ’ ಕೊನೆಯ ಬೆಂಚಿನವರೆಗೂ ಅಚ್ಚುಕಟ್ಟಾಗಿ ಕೇಳಿಸಿತು. ಅವರು ಕೈ ಕಿತ್ತುಕೊಂಡು, ಒಂದು ಕಾಲು ಮೇಲೆತ್ತಿ, ಹೆಂಡತಿ ಎಲ್ಲಿ, ಟವೆಲ್ಲು ಎಲ್ಲಿ ಅಂತ ಸುತ್ತ ನೋಡಿದರು. ಮುಂದಿನ ಬೆಂಚಿನವರು ಹಿಂದೆ ಸರಿದರು. ಉಳಿದ ಮಕ್ಕಳು ಚೀರಿ ಎರಡು ಪಾಲಾದರು. ನಡುವೆ ಗುಬ್ಬಿ ಒಬ್ಬಳೇ ನಿಂತಿದ್ದಳು, ಎರಡನೆಯ ಅಲೆಗೆ ಬಗ್ಗಿಕೊಂಡು.

ಗಂಡ ಬೆಂಚು ದಾಟುವಷ್ಟರಲ್ಲಿ ಹಲ್ಲಕ್ಕ ಅಲ್ಲಿದ್ದಳು. ಹೇಗೆ ಹೋದಳೋ ಅವಳಿಗೇ ತಿಳಿಯದು. ಮೊಣಕಾಲೂರಿದಳು, ಎರಡು ಕೈ ಬೊಗಸೆಯೊಡ್ಡಿದಳು. ಬೆಚ್ಚಗೆ, ಹುಳಿಹುಳಿಯಾಗಿ, ಬೆಳಗಿನ ಹಾಲು, ರೊಟ್ಟಿಯ ಚೂರು, ಎಲ್ಲವೂ ಬೊಗಸೆ ತುಂಬಿ ಬೆರಳ ಸಂದಿಯಲ್ಲಿ ಇಳಿದು ಮೊಣಕೈವರೆಗೆ ಹರಿಯಿತು. ಅವಳ ಮುಖ ಪಕ್ಕಕ್ಕೆ ತಿರುಗಿತು. ಕೈ ಮಾತ್ರ ಇದ್ದಲ್ಲೇ ಇತ್ತು. ದೇವರಿಗೂ ಮೂಗಿರಬೇಕು, ಅವನಿಗೂ ಹೇಸಿಗೆ ಆಗಿರಬೇಕು, ಆದರೂ ಹೀಗೆ ಕೈಯೊಡ್ಡಿ ಕೂತಿದ್ದಾನೆ, ನಾನು ಉಗುಳಿದ್ದನ್ನೆಲ್ಲ ಇಷ್ಟು ವರ್ಷ ಹಿಡಿದಿದ್ದಾನೆ ಅನ್ನಿಸಿತು. ಅನ್ನಿಸಿದ್ದೇ ತಡ, ಬಿಗಿದ ತುಟಿ ತಾನಾಗಿ ಬಿಟ್ಟುಕೊಂಡಿತು.

“ತಂದೆಯೇ,” ಅಂದಳು.

ಅವಳು ಕರೆದದ್ದು ಯಾರನ್ನೂ ಪ್ರಾರ್ಥನೆಗೆ ತೊಡಗಿಸಲಿಕ್ಕಲ್ಲ. ಆದರೆ ಆ ಸಭೆಯ ಜನಕ್ಕೆ ಆ ಪದ ಕಿವಿಗೆ ಬಿದ್ದರೆ ಸಾಕು. ಮೂಗು ಮುಚ್ಚಿಕೊಂಡವರು, ಹಿಂದೆ ಸರಿದವರು, ಪುಟ ಹುಡುಕುತ್ತಿದ್ದ ಪಾದ್ರಿ, ಎಲ್ಲರೂ ಒಮ್ಮೆಗೇ ಪ್ರಾರ್ಥನೆಗೆ ತೊಡಗಿದರು. ತೊಡಗಿದ ಮೇಲೆ ನಿಲ್ಲಿಸುವ ಹಾಗಿಲ್ಲ. ಹಿರಿಯರು ಬಾಯಿ ತೆರೆದು, ಹೊಸ ಹಲ್ಲು ತೋರಿಸಿಕೊಂಡು, ಒಂದು ಕಾಲಿನ ಮೇಲೆ ನಿಂತಿದ್ದರು. ಅಮ್ಮ ಟವೆಲ್ಲು ಹಿಡಿದು ಬಂದಳು. ಹಿರಿಯರು ಬೂಟು ಮುಂದಕ್ಕೆ ಚಾಚಿದರು. ಅಮ್ಮ ಆ ಬೂಟನ್ನು ದಾಟಿ ಬಂದು ಮೊಮ್ಮಗಳ ಬಾಯಿ ಒರೆಸಿದಳು.

ಗುಬ್ಬಿ ಬಿಕ್ಕುತ್ತ ತಾಯಿಯ ಬೊಗಸೆ ನೋಡಿದಳು.

“ಅಮ್ಮ, ನಿಂಗೆ ಅಸಹ್ಯ ಆಗ್ತಿಲ್ವಾ?”

“ಆಗ್ತಿದೆ ಕಣೇ. ತುಂಬಾ ಅಸಹ್ಯ ಆಗ್ತಿದೆ.”

“ಮತ್ತೆ ಕೈ ತೆಗಿ.”

“ಇನ್ನೂ ಬರೋದಿದ್ರೆ ಬರ್ಲಿ,” ಅಂದಳು ಹಲ್ಲಕ್ಕ. “ತೆಗಿಯಲ್ಲ.”